ಕೆಲಸದ ಅರಿಶಿಣ

ನಾಯಿಗೆ ಹಗ್ಗ ಕಟ್ಟಿ ಬೀದಿಯಲ್ಲಿ ತಿರುಗಾಡಿಸುವುದು ಸಂಸ್ಥಾನದ ಕಾಲದ ಸಾಂಗಲಿಯಲ್ಲಿ ದೊಡ್ಡ ಬಂಗಲೆಗಳ ಆಳುಗಳು ಮಾಡುವ ಕೆಲಸ. ಇಲ್ಲವೆ ಮಿರಜ ಜಂಕ್ಷನ್ನಿನ ಕಡೆ ಯಾವನಾದರೂ ಗೋರಾ ಸಾಹೇಬ ಮಾಡಬೇಕು. ಅರಿಶಿಣದ ವ್ಯಾಪಾರಿ ಶಿವಲಿಂಗಪ್ಪನ ಅಕ್ಕ ನೀಲಗಂಗವ್ವ ಆಳೂ ಅಲ್ಲ, ಸಾಹೇಬನಂತೂ ಅಲ್ಲವೇ ಅಲ್ಲ. ಐವತ್ತು ದಾಟಿದ ವಿಧವೆ, ಮೊಣಕಾಲು ನೋವಿನವಳು. ಆಕೆ ಒಂದು ಮುಂಜಾನೆ ಸೆಣಬಿನ ಹಗ್ಗದ ತುದಿಗೆ ಒಂದು ಬಡಕಲು ನಾಯಿಯನ್ನು ಕಟ್ಟಿಕೊಂಡು ಹೊರಬಿದ್ದಾಗ ಓಣಿಗೆ ಓಣಿಯೇ ಕಟ್ಟೆಯ ಮೇಲೆ ಬಂದು ನಿಂತಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಆಕೆಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಅವಳಿಗೇನು ನಾಯಿ ಸಾಕುವ ಹೌಸಿ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದದ್ದು ಒಂದು ಚಾಪೆ, ಒಂದು ಗೋಡೆ, ಯಾರೂ ಕೂಗದ ಒಂದು ಮಧ್ಯಾಹ್ನ. ಆರಗವೆಂಬ ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಹರೆಯದಲ್ಲೇ ತೀರಿಕೊಂಡ. ತವರಿಗೆ ಬಂದವಳನ್ನು ತಮ್ಮ ಪ್ರೀತಿಯಿಂದಲೇ ಇಟ್ಟುಕೊಂಡ. ಆ ಪ್ರೀತಿ ಎಂಥದ್ದೆಂದರೆ, ಮನೆಯ ಯಾವ ಕೆಲಸವೂ ಅಕ್ಕನಿಲ್ಲದೆ ಸಾಗಬಾರದು. ಮುಂಜಾನೆ ಅಡಿಗೆಮನೆ, ಹೊತ್ತೇರಿದ ಮೇಲೆ ಗೋದಾಮು. ಅಲ್ಲಿ ಹೆಣ್ಣಾಳುಗಳನ್ನು ಕೂಡಿಸಿ ಅರಿಶಿಣದ ಕೊಂಬು ಬೇರೆ, ಗಡ್ಡೆ ಬೇರೆ ಆರಿಸುವುದು, ಹುಳ ಹಿಡಿದದ್ದನ್ನು ತೆಗೆದೆಸೆಯುವುದು, ಹಮಾಲರ ಮೇಲೆ ಕಣ್ಣಿಡುವುದು. ವರ್ಷಗಟ್ಟಲೆ ಇದೇ ಕೆಲಸ ಮಾಡಿ ಅವಳ ಅಂಗೈ, ಉಗುರು, ಮುಂಗೈ ಎಲ್ಲ ಹಳದಿಯಾಗಿ ಹೋಗಿದ್ದವು.

ಇದೊಂದು ತಮಾಷೆಯ ಮಾತು. ಲಿಂಗವಂತರ ಮನೆಯಲ್ಲಿ ವಿಧವೆಯ ತಲೆ ಬೋಳಿಸುವುದಿಲ್ಲ, ಲಿಂಗಪೂಜೆ ಬಿಡಿಸುವುದಿಲ್ಲ, ಹಣೆಯ ವಿಭೂತಿಯನ್ನು ಯಾರೂ ಮುಟ್ಟುವುದಿಲ್ಲ. ಆದರೆ ನಾಲ್ಕು ಮಂದಿ ಹೆಂಗಸರು ಸೇರಿದಲ್ಲಿ ಅರಿಶಿಣ ಕುಂಕುಮದ ತಟ್ಟೆ ಅವಳ ಹತ್ತಿರ ಬಂತೆಂದರೆ ತಾನಾಗಿಯೇ ಒಂದು ಸುತ್ತು ಹಾಕಿ ಆಚೆಯವಳ ಮುಂದೆ ಹೋಗಿ ನಿಲ್ಲುತ್ತದೆ. ಚೀಲಗಟ್ಟಲೆ ಅರಿಶಿಣ ನೀಲಗಂಗವ್ವನ ಕೈಯಿಂದ ದಾಟಿ ಮುಂಬಯಿಗೆ ಹೋಗಬಹುದು. ಒಂದು ಚಿಟಿಕೆ ಅವಳ ಕೆನ್ನೆಗೆ ಬರಕೂಡದು, ಅವಳ ಕೈಯಿಂದ ಮತ್ತೊಬ್ಬಳ ಕೆನ್ನೆಗೂ ಹೋಗಕೂಡದು. ಆದ್ದರಿಂದ ಆಕೆ ಗೋದಾಮಿನಿಂದ ಬಂದವಳೇ ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಬೂದಿ ಹಾಕಿ ಕೈ ತಿಕ್ಕುತ್ತಿದ್ದಳು. ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ಆದರೂ ತಿಕ್ಕುತ್ತಿದ್ದಳು.

ನಾಯಿ ಹುಟ್ಟಿದ್ದು ಹರಿಪುರದಲ್ಲಿ. ಅಲ್ಲಿ ನೆಲ ತೋಡಿ ಮಾಡಿದ ಹಗೇವುಗಳಲ್ಲಿ ಅರಿಶಿಣ ತುಂಬಿಡುತ್ತಾರೆ. ಅಂಥ ಒಂದು ಹಗೇವಿನ ಬಾಯಿಯ ಪಕ್ಕ ಈದಿದ್ದ ನಾಯಿಯ ಒಂದು ಮರಿಯನ್ನು ಗೋದಾಮಿನ ಕಾವಲುಗಾರ ಬಾಳಪ್ಪ ಎತ್ತಿಕೊಂಡು ಬಂದು ಸಾಕಿದ. ಬಿಳಿಯ ನಾಯಿ; ಅರಿಶಿಣದ ಧೂಳಿನಲ್ಲಿ ಬಿದ್ದೆದ್ದು ಹಳದಿಯಾಯಿತು. ಹಮಾಲರು ಮರಾಠಿಯಲ್ಲಿ ಹಳದ್ಯಾ ಎಂದು ಕರೆದರು, ಅದೇ ಹೆಸರು ನಿಂತಿತು. ಗೋದಾಮಿನ ಗೋಡೆಯಾಚೆ ಒಂದು ಊರಿದೆ ಎಂಬುದು ಹಳದ್ಯಾನಿಗೆ ಗೊತ್ತಿರಲಿಲ್ಲ. ಬಾಳಪ್ಪ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡ. ಹೊಸ ಕಾವಲುಗಾರನಿಗೆ ನಾಯಿ ಕಂಡರಾಗದು. ಕೋಲು ತೆಗೆದುಕೊಂಡು ಹೊಡೆದಟ್ಟಿದ. ಅದು ಆ ಸಂಜೆ ನೀಲಗಂಗವ್ವನ ಹಿಂದೆ ಹಿಂದೆ ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಮಲಗಿತು.

ತಮ್ಮನ ಹೆಂಡತಿ ಇಂದುಬಾಯಿ ಮೂಗು ಮುರಿದಳು. ಮಿರಜದ ತವರಿನಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎಂದಳು. ಜಂಗಮರು ಬಂದು ಹೋಗುವ ಮನೆ, ನಾಯಿ ಯಾತಕ್ಕೆ ಎಂದು ಶಿವಲಿಂಗಪ್ಪನೂ ಗೊಣಗಿದ. ನೀಲಗಂಗವ್ವ ಏನೂ ವಾದ ಮಾಡಲಿಲ್ಲ. ಅವಳಿಗೆ ಅಂಥ ಶಕ್ತಿ ಉಳಿದಿರಲಿಲ್ಲ. ಆದರೆ ಬಂದ ಮಾರನೆಯ ದಿನ ಸಂಜೆ ಅವಳು ಗೋದಾಮಿನಿಂದ ಕಾಲೆಳೆಯುತ್ತ ಬಂದಾಗ ಆ ನಾಯಿ ಎದ್ದು ನಿಂತಿತ್ತು. ಆ ಮನೆಯಲ್ಲಿ ಅವಳು ಬಂದಳೆಂದು ಎದ್ದು ನಿಂತವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಇಷ್ಟು ಸಣ್ಣ ಮಾತಿಗೆ ತನ್ನ ಕಣ್ಣು ತುಂಬಿದ್ದು ಅವಳಿಗೇ ನಾಚಿಕೆ ತಂದಿತು. ನಾಯಿಯನ್ನು ಬಿಡಲಾರೆನೆಂದು ಅವಳಿಗೆ ಅಲ್ಲಿಯೇ ತಿಳಿಯಿತು.

ತೊಂದರೆ ಶುರುವಾದದ್ದು ಸುಂದರಾಬಾಯಿಯಿಂದ. ಎದುರು ಸಾಲಿನ ಕೊನೆಯ ಮನೆ ಶಾಲಾ ಮಾಸ್ತರ ನಾರಾಯಣರಾಯರದು. ಸುಂದರಾಬಾಯಿ ಅವರ ಸೋದರತ್ತೆ. ಹುಡುಗಿಯಾಗಿದ್ದಾಗಲೇ ವಿಧವೆಯಾದ ಬ್ರಾಹ್ಮಣ ಹೆಂಗಸು. ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಕಡು ಮಡಿ. ದಿನಾ ಬೆಳಕು ಹರಿಯುವ ಮುಂಚೆ ಕೃಷ್ಣೆಯ ಘಾಟಿಗೆ ಹೋಗಿ ಮುಳುಗಿ, ಮಡಿನೀರಿನ ಕೊಡ ಹೊತ್ತುಕೊಂಡು ಬರುವವಳು. ಹಳದ್ಯಾ ಒಂದು ಮುಂಜಾನೆ ಅವಳ ಮೇಲೆ ಎಗರಿ ಬಿತ್ತು. ಕಚ್ಚಲಿಲ್ಲ. ಆದರೆ ಕೊಡ ಉರುಳಿತು, ಮಡಿ ಕೆಟ್ಟಿತು, ಮುದುಕಿ ಆ ಚಳಿಯಲ್ಲಿ ಮತ್ತೆ ಹೊಳೆಗೆ ಹೋಗಿ ಮುಳುಗಬೇಕಾಯಿತು. ಮರುದಿನವೂ ಹಾಗೇ ಆಯಿತು. ಈ ವಯಸ್ಸಿನಲ್ಲಿ ದಿನಕ್ಕೆ ಎರಡು ಸಲ ತಣ್ಣೀರಿಗೆ ಬಿದ್ದರೆ ನಾನು ಯುಗಾದಿ ಕಾಣುವುದಿಲ್ಲ ಎಂದು ಆಕೆ ಸೋದರಳಿಯನ ಮುಂದೆ ಅತ್ತಳು. ತಪ್ಪೇನೂ ಇರಲಿಲ್ಲ ಆ ಮಾತಿನಲ್ಲಿ.

ಅದೇ ಹೊತ್ತಿಗೆ ಡಿಗ್ರಜದ ಕಡೆಯಿಂದ ಹುಚ್ಚುನಾಯಿಯ ಸುದ್ದಿ ಬಂದಿತ್ತು. ಊರ ಚೊಕ್ಕತನ ನೋಡಿಕೊಳ್ಳುವ ಜಮಾದಾರ ವಿಷದ ಲಾಡುಗಳ ಬುಟ್ಟಿ ಹಿಡಿದು ಓಣಿ ಓಣಿ ತಿರುಗುತ್ತಿದ್ದ. ಮಾಸ್ತರರು ಅವನನ್ನು ಕರೆತಂದರು. ಜಮಾದಾರ ಕೆಟ್ಟವನಲ್ಲ, ಅವನೂ ದಣಿದಿದ್ದ. ನೀಲಗಂಗವ್ವ ಕೈಮುಗಿದದ್ದು ನೋಡಿ ಅಮಾವಾಸ್ಯೆಯವರೆಗೆ ಗಡುವು ಕೊಟ್ಟ. ಅಷ್ಟರಲ್ಲಿ ನಾಯಿಗೆ ಓಣಿಯ ಜನರ ಗುರುತು ಹಿಡಿಸಬೇಕು, ಹಗ್ಗ ಕಟ್ಟಿ ಮನೆ ಮನೆಯ ಮುಂದೆ ನಡೆಸಬೇಕು. ತಾನು ಬಂದ ದಿನ ಒಂದು ಮನೆಯವರಾದರೂ ಬೇಡ ಎಂದರೆ ಲಾಡು ಹಾಕುವುದೇ ಸೈ, ಆಮೇಲೆ ತನ್ನನ್ನು ಬಯ್ಯಬಾರದು ಎಂದು ಮರಾಠಿಯಲ್ಲಿ ಹೇಳಿ ಬುಟ್ಟಿ ಎತ್ತಿಕೊಂಡು ಹೋದ.

ಹೀಗೆ ಶುರುವಾಯಿತು ತಿರುಗಾಟ. ನಾಲ್ಕು ಜನರ ಬಾಗಿಲಿಗೆ ಹೋಗುವುದೆಂದ ಮೇಲೆ ಮರ್ಯಾದೆಯಿಂದ ಹೋಗಬೇಕಲ್ಲ? ನೀಲಗಂಗವ್ವ ನಾಯಿಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ತನ್ನ ಕೈಯನ್ನೂ ಎಂದಿಗಿಂತ ಹೆಚ್ಚು ತಿಕ್ಕಿದಳು. ಮುಂಜಾನೆದ್ದು ವಿಧವೆಯೊಬ್ಬಳು ಹಳದಿ ಕೈ ಚಾಚಿಕೊಂಡು ಮುತ್ತೈದೆಯರ ಹೊಸ್ತಿಲಲ್ಲಿ ನಿಂತರೆ ಯಾರಿಗೆ ಚಂದ? ನಿಂಬೆಹಣ್ಣು ಹಿಂಡಿ ಹಿಂಡಿ ಚರ್ಮ ಸುಲಿಯುವ ಹಾಗೆ ಉಜ್ಜಿದಳು. ಆಮೇಲೆ ಹೊರಟಳು.

ಆ ತಿರುಗಾಟವನ್ನು ವರ್ಣಿಸುವುದೇ ಬೇಡ. ನಾಯಿ ಮೊದಲ ಮನೆಯ ಮುಂದೆಯೇ ಅಡ್ಡ ಮಲಗಿತು. ಎಳೆದರೆ ಹಲ್ಲು ಕಿಸಿಯಿತು. ಎರಡನೆಯ ಮನೆಯ ಮುದುಕ ಗುರುಸಿದ್ಧಪ್ಪ ಪ್ರೀತಿಯಿಂದ ರೊಟ್ಟಿ ಚಾಚಿದರೆ ರೊಟ್ಟಿ ಬಿಟ್ಟು ಧೋತರಕ್ಕೆ ಬಾಯಿ ಹಾಕಿತು. ಹೆಂಗಸರು ಒಳಗೆ ಓಡಿದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅದು ನೀಲಗಂಗವ್ವನನ್ನೇ ಅಪರಿಚಿತಳ ಹಾಗೆ ನೋಡಿ ಗುರುಗುಟ್ಟಿತು. ದಿನವೂ ಇದೇ ಹಾಡು. ಅವಳು ದಿನವೂ ಕೈ ತೊಳೆದುಕೊಂಡು ಹೋಗುವಳು, ದಿನವೂ ಸೋತು ಬರುವಳು. ಹಗ್ಗ ಎಳೆದು ಭುಜ ಹಿಡಿದುಕೊಂಡಿತು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಾಗ, ಲಾಡು ಹಾಕಿಬಿಟ್ಟರೆ ತನಗೂ ಒಂದು ನಿದ್ದೆ ಸಿಕ್ಕೀತು ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊಂಡಳು.

ಒಂದು ದಿನ ಹರಿಪುರದಿಂದ ಅರಿಶಿಣದ ಬಂಡಿಗಳು ರಾತ್ರಿಯೇ ಬಂದು ನಿಂತಿದ್ದವು. ನೀಲಗಂಗವ್ವ ನಸುಕಿನಲ್ಲೇ ಗೋದಾಮಿಗೆ ಹೋಗಿ ಮಾಲು ಇಳಿಸಿಕೊಂಡಳು. ಬರುವಷ್ಟರಲ್ಲಿ ಹೊತ್ತೇರಿತ್ತು, ಕೈ ತೊಳೆಯುವುದಕ್ಕೂ ಬೇಸರ. ಇದ್ದ ಹಾಗೇ ಹಗ್ಗ ಹಿಡಿದಳು. ಹಳದ್ಯಾ ಅವಳ ಮುಂಗೈ ಮೂಸಿತು, ಬಾಲ ಆಡಿಸಿತು, ಅವಳ ಪಕ್ಕಕ್ಕೆ ಬಂದು ಸದ್ದಿಲ್ಲದೆ ನಡೆಯಿತು. ಗುರುಸಿದ್ಧಪ್ಪನ ಸೊಸೆ ಆಗ ತಾನೆ ಎರೆದುಕೊಂಡು ಕೆನ್ನೆಗೆ, ಪಾದಕ್ಕೆ ಅರಿಶಿಣ ಹಚ್ಚಿಕೊಂಡು ಹೊರಗೆ ಬಂದಿದ್ದಳು. ನಾಯಿ ಹೋಗಿ ಅವಳ ಪಾದದ ಮೇಲೆ ಗದ್ದವಿಟ್ಟು ಮಲಗಿಬಿಟ್ಟಿತು.

ನೀಲಗಂಗವ್ವ ಅಲ್ಲಿಯೇ ಕಟ್ಟೆ ಹಿಡಿದು ನಿಂತಳು. ತನ್ನ ದಡ್ಡತನಕ್ಕೆ ಏನೆನ್ನಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಆ ಪ್ರಾಣಿ ಕಂಡ ಮನುಷ್ಯರೆಲ್ಲ ಅರಿಶಿಣದವರು. ಬಾಳಪ್ಪ, ಹಮಾಲರು, ಹೆಣ್ಣಾಳುಗಳು, ತಾನು. ಅರಿಶಿಣ ಹತ್ತಿದವರು ತನ್ನವರು, ಹತ್ತದವರು ಕಳ್ಳರು, ಅದರ ಲೋಕವೇ ಇಷ್ಟು. ತಾನೋ, ಮಂದಿಯ ಕಣ್ಣಿಗೆ ಅಂಜಿ, ಅದಕ್ಕಿದ್ದ ಒಂದೇ ಗುರುತನ್ನು ದಿನವೂ ಹುಣಸೆಹಣ್ಣು ಹಾಕಿ ಅಳಿಸಿಕೊಂಡು ಅದರ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಅಂದಿನಿಂದ ಕೈ ತೊಳೆಯುವುದನ್ನು ಬಿಟ್ಟಳು. ತಿರುಗಾಟದ ಹೊತ್ತನ್ನೂ ಬದಲಿಸಿದಳು. ಹೆಂಗಸರು ಎರೆದುಕೊಂಡು ಅರಿಶಿಣ ಹಚ್ಚಿಕೊಂಡು ಹೊಸ್ತಿಲಿಗೆ ನೀರು ಹಾಕುವ ಹೊತ್ತಿಗೆ ಹೊರಡುವಳು. ಒಬ್ಬೊಬ್ಬರ ಮುಂದೆಯೂ ನಾಯಿಯನ್ನು ನಿಲ್ಲಿಸಿ ಮೂಸಗೊಡುವಳು. ಒಮ್ಮೆ ವಾಸನೆ ಹಿಡಿದವರನ್ನು ಅದು ಮರೆಯುತ್ತಿರಲಿಲ್ಲ. ಆಮೇಲೆ ಅವರು ಅರಿಶಿಣ ಹಚ್ಚಿಕೊಂಡರೂ ಸರಿ, ಬಿಟ್ಟರೂ ಸರಿ; ಅವಳ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ತಿಕ್ಕಿ ಮೈಯ ವಾಸನೆಯನ್ನೇ ಅಳಿಸಿಕೊಳ್ಳದಿದ್ದರೆ ಸಾಕು. ಗಂಡಸರ ಪಾಲಿಗೆ ಅವರವರ ಹೆಂಡಿರೇ ಚಿಟಿಕೆ ಅರಿಶಿಣ ಅಂಗೈಗೆ ತಿಕ್ಕಿ ಕಳಿಸಿದರು. ಇಂದುಬಾಯಿ ಕೂಡ, ಮುಖ ಆಚೆ ತಿರುಗಿಸಿಕೊಂಡೇ, ಒಂದು ದಿನ ಕೈ ಚಾಚಿದಳು. ಓಣಿಯ ಜನ ಈ ಆಟಕ್ಕೆ ಒಗ್ಗಿಕೊಂಡರು. ನೀಲಗಂಗವ್ವನ ಕೈಯ ಬಣ್ಣವನ್ನು ಯಾರೂ ಆಡಿಕೊಳ್ಳಲಿಲ್ಲ. ಬಾ ಕುಂದ್ರು, ನೀರು ಕುಡಿ ಎಂದವರೂ ಇದ್ದರು. ಆಕೆ ಎಲ್ಲಿಯೂ ಕೂರಲಿಲ್ಲ, ಗೋದಾಮಿಗೆ ಹೊತ್ತಾಗುತ್ತಿತ್ತು.

ಉಳಿದದ್ದು ಕೊನೆಯ ಮನೆ. ಮಾಸ್ತರರ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಾಸ್ತರರು ಅರಿಶಿಣ ಮುಟ್ಟಿಕೊಂಡು ನಾಯಿಯ ಸ್ನೇಹ ಮಾಡುವ ಜಾತಿಯವರಲ್ಲ. ಇನ್ನು ಸುಂದರಾಬಾಯಿ. ಆ ಹೆಂಗಸಿನ ಮೈಮೇಲೆ ಅರಿಶಿಣ ಎಲ್ಲಿಂದ ಬರಬೇಕು? ನಾಯಿ ಇಡೀ ಓಣಿಯಲ್ಲಿ ಈಗ ಬೊಗಳುವುದು ಆ ಮನೆಯವರಿಗೇ, ಎಲ್ಲಕ್ಕಿಂತ ಹೆಚ್ಚು ಅವಳಿಗೆ, ಆ ಕೆಂಪು ಸೆರಗು ಕಂಡ ಕೂಡಲೇ.

ಅಮಾವಾಸ್ಯೆಯ ಹಿಂದಿನ ದಿನ ನೀಲಗಂಗವ್ವ ಆ ಮನೆಯ ಹಿತ್ತಲಿಗೆ ಒಬ್ಬಳೇ ಹೋದಳು. ಸುಂದರಾಬಾಯಿ ಬಟ್ಟೆ ಹಿಂಡುತ್ತಿದ್ದಳು. ನೀಲಗಂಗವ್ವ ಮಡಿಗೆ ತಾಗದಂತೆ ದೂರ ನಿಂತು, ನಾಯಿ ಎಲ್ಲಿ ಹುಟ್ಟಿತು, ಏನು ಕಂಡು ಬೆಳೆಯಿತು, ಎಲ್ಲವನ್ನೂ ಹೇಳಿದಳು.

“ಅದಕ್ಕ ನಿಮ್ಮ ಮ್ಯಾಲ ಸಿಟ್ಟಿಲ್ಲರಿ ಕಾಕೂ. ನಿಮ್ಮ ಗುರುತ ಅದಕ್ಕಿಲ್ಲ. ಕೈಗೆ ಒಂದೀಟು…” ಎಂದು ಅಲ್ಲಿಗೇ ನಿಲ್ಲಿಸಿದಳು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಬಾರದ ಮಾತು ಅದು. ಆದರೂ ಸುಂದರಾಬಾಯಿಗೆ ತಿಳಿಯಿತು. ಆಕೆ ಹಿಂಡುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟಳು. ಬಯ್ಯುತ್ತಾಳೆ ಎಂದು ನೀಲಗಂಗವ್ವ ತಲೆ ತಗ್ಗಿಸಿದಳು.

“ನಿನ್ನ ಕೈ ತೋರ್ಸು ನೋಡೋಣ,” ಎಂದಳು ಸುಂದರಾಬಾಯಿ.

ನೀಲಗಂಗವ್ವ ಎರಡೂ ಕೈ ಮುಂದೆ ಮಾಡಿದಳು. ಮುದುಕಿ ಮುಟ್ಟಲಿಲ್ಲ. ಬಗ್ಗಿ ಬಹಳ ಹೊತ್ತು ನೋಡಿದಳು.

“ಇದಕ್ಕ ಯಾರೂ ಏನೂ ಅನ್ನೂದಿಲ್ಲೇನು ನಿನಗ?”

“ಇದು ಕೆಲಸದ ಅರಿಶಿಣರಿ. ಇದನ್ಯಾರು ಕೇಳ್ತಾರ?”

“ಪುಣ್ಯಾ ಮಾಡೀದಿ ನೀ,” ಎಂದಳು ಸುಂದರಾಬಾಯಿ. ಅದರಲ್ಲಿ ಕೊಂಕಿರಲಿಲ್ಲ. ತನ್ನ ಕೈಯ ಮೇಲಿನ ಈ ಬಣ್ಣವನ್ನು ಕಂಡು ಹೊಟ್ಟೆಕಿಚ್ಚುಪಡುವವರೂ ಇರಬಹುದೆಂದು ನೀಲಗಂಗವ್ವ ಯೋಚಿಸಿಯೇ ಇರಲಿಲ್ಲ. ಸುಂದರಾಬಾಯಿ ಮತ್ತೆ ಬಟ್ಟೆ ಕೈಗೆತ್ತಿಕೊಂಡು, “ಹೋಗು ಗಂಗವ್ವಾ. ನನ್ನ ಕೈಲೆ ಆಗೂದಲ್ಲ ಅದು,” ಎಂದಳು.

ನೀಲಗಂಗವ್ವ ಬಂದ ದಾರಿ ಹಿಡಿದಳು. ಸಂಜೆ ನಾಯಿಗೆ ಹಾಲು ಕಲಸಿದ ಅನ್ನ ಹಾಕಿದಳು. ಅದು ತಿನ್ನುವುದನ್ನು ನೋಡುತ್ತ ಕೂತಳು. ಅಳಬೇಕೆನಿಸಿತು, ಅಳುವುದೂ ಒಂದು ಕೆಲಸವೇ ಎನ್ನಿಸಿ ಬಿಟ್ಟಳು.

ಜಮಾದಾರ ಹೇಳಿದ ದಿನಕ್ಕೆ ಬಂದ. ಬಿಸಿಲು ಆಗಷ್ಟೇ ಓಣಿಗೆ ಇಳಿದಿತ್ತು. ಒಂದೊಂದು ಮನೆಯ ಮುಂದೂ ನಿಂತು ವಿಚಾರಿಸಿದ. ಗುರುಸಿದ್ಧಪ್ಪ ತನ್ನ ಧೋತರದ ತೇಪೆ ತೋರಿಸಿ, ಇದು ಹಳೆಯ ಮಾತು, ಈಗ ನಾವು ದೋಸ್ತರು ಎಂದ. ಇಂದುಬಾಯಿ, ಇದ್ದರೆ ಇರಲಿ, ಕಳ್ಳಕಾಕರಿಗೆ ಭಯ ಎಂದಳು. ಜಮಾದಾರ ತಲೆಯಾಡಿಸುತ್ತ ಕೊನೆಯ ಮನೆಗೆ ಬಂದ. ಅವನ ಹಿಂದೆ ಹಗ್ಗ ಹಿಡಿದ ನೀಲಗಂಗವ್ವ, ಅವಳ ಹಿಂದೆ ಅರ್ಧ ಓಣಿ.

ನಾರಾಯಣರಾಯರು ಕಟ್ಟೆಯ ಮೇಲೆ ನಿಂತು, ತಮ್ಮ ಮನೆಯ ಒಪ್ಪಿಗೆ ಇಲ್ಲ ಎಂದರು. ಮನುಷ್ಯರ ಜೀವಕ್ಕಿಂತ ನಾಯಿಯ ಜೀವ ಹೆಚ್ಚಲ್ಲ, ಹಿರಿಯ ಹೆಂಗಸು ಚಳಿಯಲ್ಲಿ ನಡುಗುವುದನ್ನು ನೋಡಲಾಗದು ಎಂದರು. ಮಾತಿಗೆ ಮಾತು ಕೂಡಿಸಿ ಹೇಳುವುದು ಅವರಿಗೆ ಬರುತ್ತಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಜಮಾದಾರ ನಿಟ್ಟುಸಿರು ಬಿಟ್ಟು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ. ನೀಲಗಂಗವ್ವ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಅವಳಿಗೆ ಮಾಡಲು ತೋಚಿದ್ದು ಅಷ್ಟೇ.

ಆಗ ಒಳಗಿನಿಂದ ಸುಂದರಾಬಾಯಿ ಬಂದಳು. ಕೆಂಪು ಸೆರಗಿನೊಳಗೆ ಎರಡೂ ಕೈ ಹುದುಗಿಸಿಕೊಂಡಿದ್ದಳು. ಅವಳನ್ನು ಕಂಡದ್ದೇ ಹಳದ್ಯಾ ಹಗ್ಗ ಜಗ್ಗಿ ಬೊಗಳಿತು. ನೋಡಿದಿರಾ ಎಂದು ಮಾಸ್ತರರು ಜಮಾದಾರನ ಕಡೆ ತಿರುಗಿದರು. ಸುಂದರಾಬಾಯಿ ನಿಲ್ಲಲಿಲ್ಲ. ಮೆಟ್ಟಿಲಿಳಿದಳು. ಓಣಿಯ ನಡುವೆ, ಹೆಂಗಸರು ಗಂಡಸರು ಎಲ್ಲ ನೋಡುತ್ತಿದ್ದಂತೆ, ಸೆರಗಿನಿಂದ ಕೈ ಹೊರಗೆ ತೆಗೆದಳು.

ಮುಂಗೈ ದಾಟಿ ಹಸಿ ಅರಿಶಿಣ. ನೀರಲ್ಲಿ ಕಲಸಿ, ಬೆರಳ ಸಂದಿಯನ್ನೂ ಬಿಡದೆ, ಮದುಮಗಳಿಗೆ ಹಚ್ಚುವ ಹಾಗೆ ಹಚ್ಚಿಕೊಂಡಿದ್ದಳು.

ಮಾಸ್ತರರು ಒಂದು ಮೆಟ್ಟಿಲು ಕೆಳಗಿಳಿದರು. “ಆತ್ಯಾ, ಏನದು ಕೈಯಾಗ?” ಎಂದರು, ಮೆಲ್ಲಗೆ.

“ಅಡಗೀ ಮಾಡ್ಲಿಕ್ಹತ್ತಿದ್ದೆ. ಡಬ್ಬಿ ಕೈಮ್ಯಾಲೆ ಬಿತ್ತು,” ಎಂದಳು ಸುಂದರಾಬಾಯಿ.

ಡಬ್ಬಿ ಬಿದ್ದರೆ ಅರಿಶಿಣ ಹಾಗೆ ಹತ್ತುವುದಿಲ್ಲವೆಂದು ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ಮುದುಕಿ ಆ ಕೈಗಳನ್ನು ನಾಯಿಯ ಮುಂದೆ ಚಾಚಿದಳು. ಹಳದ್ಯಾ ಬೊಗಳುವುದನ್ನು ನಿಲ್ಲಿಸಿ ಒಂದು ಹೆಜ್ಜೆ ಮುಂದೆ ಬಂದಿತು. ಮೂಸಿತು. ಬಲಗೈ ಮೂಸಿ ಎಡಗೈ ಮೂಸಿತು. ಆಮೇಲೆ ಅವಳ ಅಂಗೈಯೊಳಗೆ ಮೂತಿ ತೂರಿಸಿ ಬಾಲ ಆಡಿಸುತ್ತ ನಿಂತಿತು.

ಜಮಾದಾರ ಬುಟ್ಟಿಗೆ ಬಟ್ಟೆ ಮುಚ್ಚಿದ. ಈ ಮನೆಯವರದೂ ತಕರಾರು ಇಲ್ಲ ಎಂದು ತಾನೇ ಗಟ್ಟಿಯಾಗಿ ಹೇಳಿ ಮುಂದಿನ ಓಣಿಗೆ ನಡೆದ. ಮಾಸ್ತರರು ಒಳಗೆ ಹೋದರು. ಜನ ಒಬ್ಬೊಬ್ಬರಾಗಿ ಕರಗಿದರು.

ಸುಂದರಾಬಾಯಿ ಮನೆಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾಯಿಯನ್ನು ಮುಟ್ಟಿದವಳು, ಅರಿಶಿಣ ಮುಟ್ಟಿದವಳು. ಇನ್ನು ಆಕೆ ಹೊಳೆಗೆ ಹೋಗಬೇಕು, ಮುಳುಗಬೇಕು, ಆಮೇಲೆ ಇನ್ನೇನೇನು ಪ್ರಾಯಶ್ಚಿತ್ತವೋ. ತನ್ನ ನಾಯಿಗಾಗಿ ಈ ಮುದುಕಿ ಮೂರನೆಯ ಸಲ ತಣ್ಣೀರಿಗೆ ಬೀಳಬೇಕಲ್ಲ ಎಂದು ನೀಲಗಂಗವ್ವ ಮೆಟ್ಟಿಲ ಹತ್ತಿರ ಬಂದಳು.

“ಕಾಕೂ, ಹೊಳಿಗೆ ಬ್ಯಾಡ್ರಿ ಇವತ್ತ. ಮನ್ಯಾಗ ಬಿಸಿನೀರ ಕಾಸ್ಕೊಂಡು ಲಗೂನ ಜಳಕಾ ಮಾಡ್ರಿ,” ಎಂದಳು.

ಸುಂದರಾಬಾಯಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತಿದ್ದಳು. ಬಿಸಿಲು ಆ ಕೈಗಳ ಮೇಲೆ ಬಿದ್ದಿತ್ತು.

“ಮಾಡ್ತೀನಿ. ಮಾಡಿದ್ರ ಇದು ಹೋಗ್ತದ,” ಎಂದಳು. ತಲೆಯೆತ್ತದೆಯೇ, “ಒಂದೀಟು ಹೊತ್ತು ಇರ್ಲಿ. ನೀನೂ ಕುಂದ್ರು,” ಎಂದಳು.

ಗೋದಾಮಿನ ಬಾಗಿಲು ತೆಗೆಯುವ ಹೊತ್ತು ಮೀರಿತ್ತು. ಹೆಣ್ಣಾಳುಗಳು ಬಂದು ಕಾಯುತ್ತಿರಬೇಕು. ನೀಲಗಂಗವ್ವ ಮುದುಕಿಯ ಪಕ್ಕದಲ್ಲಿ ಕೂತಳು.